ಹಾಸಿಗೆಯಿಂದ ನೆಲಕ್ಕೆ ಒಂದು ಹೆಜ್ಜೆ

ಕಾಯಿಲೆ ಬಿದ್ದವರಿಗೆ ನಮ್ಮ ಜನರು ಮೊದಲು ಹೇಳುವ ಮಾತು ‘ಸುಮ್ಮನೆ ಮಲಗಿಕೊಳ್ಳಿ’ ಎಂಬುದು. ಜ್ವರ ಬಂದ ಮಗುವಿಗೆ ತಾಯಿ ಇದನ್ನೇ ಹೇಳುತ್ತಾಳೆ. ಕಾಲು ಉಳುಕಿದ ಹುಡುಗನಿಗೆ ಅಜ್ಜಿ ಇದನ್ನೇ ಹೇಳುತ್ತಾಳೆ. ನೋಡಲು ಬಂದ ನೆಂಟರಿಷ್ಟರು ಕಿತ್ತಳೆ ಹಣ್ಣಿನ ಚೀಲವನ್ನು ಮಂಚದ ಬಳಿ ಇರಿಸಿ, ಹೊರಡುವಾಗ ಇದನ್ನೇ ಹೇಳಿ ಹೋಗುತ್ತಾರೆ. ಪರೀಕ್ಷೆಯ ಹಿಂದಿನ ದಿನ ತಲೆನೋವೆಂದು ಹೇಳಿ ಈ ಮಾತಿನ ಸಂಪೂರ್ಣ ಪ್ರಯೋಜನವನ್ನು ಪಡೆದುಕೊಂಡವರು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿಯೂ ಇಲ್ಲದಿಲ್ಲ. ದಣಿದ ದೇಹಕ್ಕೆ ವಿಶ್ರಾಂತಿ ಬೇಕೆಂಬುದು ಸರ್ವಸಮ್ಮತವಾದ ಮಾತು. ಆದರೆ ಅಡಿಗೆಯಲ್ಲಿ ಉಪ್ಪಿಗೆ ಹೇಗೆ ಒಂದು ಅಳತೆಯುಂಟೋ ಹಾಗೆಯೇ ವಿಶ್ರಾಂತಿಗೂ ಒಂದು ಅಳತೆಯುಂಟು. ಸ್ವಂತ ಶಕ್ತಿಯಿಂದ ಉಸಿರಾಡಲಾರದೆ ಯಂತ್ರದ ಆಸರೆಯಲ್ಲಿ ಮಲಗಿರುವ ರೋಗಿಗೂ ಈ ಅಳತೆ ಅನ್ವಯಿಸುತ್ತದೆ, ಅಂಥವನನ್ನು ಕೂಡ ಸಾಧ್ಯವಾದಷ್ಟು ಬೇಗ ಕುಳ್ಳಿರಿಸಬೇಕು, ನಿಲ್ಲಿಸಬೇಕು ಎಂದು ಯಾರಾದರೂ ಹೇಳಿದರೆ ಕೇಳಿದವರು ಬೆಚ್ಚಿಬೀಳುವುದು ಸಹಜ. ನಮ್ಮ ಮನೆಯಲ್ಲಿ ನಾವೆಲ್ಲರೂ ಬೆಚ್ಚಿಬಿದ್ದೆವು. ಆ ಸಂಗತಿಯನ್ನೂ ಅದರ ಮೂಲಕ ನಾವು ತಿಳಿದುಕೊಂಡ ವಿಷಯವನ್ನೂ ಕಿರಿಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಸೋದರಮಾವನವರು ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪುಬಸಿಗಳನ್ನು ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆಮೇಲೆ ಮೂವತ್ತು ವರ್ಷ ಕಲ್ಯಾಣ ಸ್ಟೇಶನ್ನಿನ ಬಳಿಯ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರು. ‘ನಿಂತವರು’ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಿಲ್ಲ. ಬೆಳಗಿನ ಮೊದಲ ಗಾಡಿಗಳಿಗೆ ಓಡುವ ಜನರು ಬರುವ ಮುನ್ನವೇ ಒಲೆ ಹೊತ್ತಬೇಕು. ಮಧ್ಯಾಹ್ನ ಊಟದ ಹೊತ್ತಿನವರೆಗೆ ಕಾವಲಿಯನ್ನು ಬಿಟ್ಟು ಕದಲುವಂತಿಲ್ಲ. ಸಂಜೆ ಮತ್ತೆ ಅದೇ ಕೆಲಸ. ಎರಡು ಕಾಲುಗಳೇ ಅವರ ಬಂಡವಾಳವೆಂದರೆ ತಪ್ಪಾಗಲಾರದು.

೨೦೨೪ರ ಜುಲೈ ತಿಂಗಳ ಮಳೆಯಲ್ಲಿ ಅವರಿಗೆ ಜ್ವರ ಬಂತು. ಮೂರು ದಿನ ಜ್ವರದಲ್ಲಿಯೇ ಕೆಲಸಕ್ಕೆ ಹೋದರು. ನಾಲ್ಕನೆಯ ದಿನ ಮೆಟ್ಟಿಲು ಹತ್ತಲಾರದೆ ಕುಸಿದರು. ಕಲ್ಯಾಣದ ವೈದ್ಯರು ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ಹರಡಿದೆಯೆಂದು ಹೇಳಿ, ಹೆಚ್ಚಿನ ಸೌಕರ್ಯವಿರುವ ನವಿ ಮುಂಬಯಿಯ ಆಸ್ಪತ್ರೆಯೊಂದಕ್ಕೆ ಕಳುಹಿಸಿದರು. ಶಿಳಫಾಟಾದ ದಾರಿಯಲ್ಲಿ, ಸುರಿಯುವ ಮಳೆಯಲ್ಲಿ, ಆಂಬ್ಯುಲೆನ್ಸಿನ ಹಿಂದೆ ರಿಕ್ಷಾದಲ್ಲಿ ಹೋದ ಆ ರಾತ್ರಿಯನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ಬೆಳಗಾಗುವುದರೊಳಗಾಗಿ ಮಾವನವರ ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆಯನ್ನು ಇಳಿಸಿ, ಅದನ್ನು ವೆಂಟಿಲೇಟರಿಗೆ ಜೋಡಿಸಿದ್ದರು. ಬಾಗಿಲ ಮೇಲೆ ಮರಾಠಿಯಲ್ಲಿ ‘ಅತಿದಕ್ಷತಾ ವಿಭಾಗ’ ಎಂದು ಬರೆದಿತ್ತು. ನಾವು ಆ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತೆವು.

ವೆಂಟಿಲೇಟರ್ ಎಂದರೆ ಉಸಿರನ್ನು ಒಳಕ್ಕೆ ನೂಕುವ ಯಂತ್ರ. ಅದು ನ್ಯುಮೋನಿಯಾವನ್ನು ಗುಣಪಡಿಸುವುದಿಲ್ಲ. ಔಷಧವೂ ದೇಹವೂ ತಮ್ಮ ಕೆಲಸವನ್ನು ಮಾಡುವುದಕ್ಕೆ ಬೇಕಾದ ಕಾಲವನ್ನು ಸಂಪಾದಿಸಿ ಕೊಡುತ್ತದೆ. ಈ ಚಿಕಿತ್ಸೆ ಬೆಳೆದುಬಂದ ಬಗೆಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ತಿಳಿಯತಕ್ಕದ್ದು, ಏಕೆಂದರೆ ಅದರಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ೧೯೨೮ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ‘ಕಬ್ಬಿಣದ ಶ್ವಾಸಕೋಶ’ವೆಂಬ ದೊಡ್ಡ ಪೆಟ್ಟಿಗೆಯಂಥ ಯಂತ್ರವನ್ನು ಮೊದಲು ಬಳಸಿದರು. ರೋಗಿಯ ತಲೆಯೊಂದನ್ನು ಬಿಟ್ಟು ದೇಹವೆಲ್ಲ ಆ ಪೆಟ್ಟಿಗೆಯೊಳಗೆ ಇರಬೇಕಾಗಿತ್ತು. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಅಲ್ಲಿಯ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಅಂಥ ಯಂತ್ರಗಳು ಬೆರಳೆಣಿಕೆಯಷ್ಟೇ ಇದ್ದವು. ಉಸಿರಾಟದ ಸ್ನಾಯುಗಳು ಸೋತ ಮೊದಲ ೩೧ ರೋಗಿಗಳಲ್ಲಿ ೨೭ ಜನ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಕೊಳವೆಯಿಡಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಂಡಿ ಅವಳ ಶ್ವಾಸಕೋಶಕ್ಕೆ ಗಾಳಿಯನ್ನು ತುಂಬಿದರು. ಹುಡುಗಿ ಬದುಕಿದಳು. ಆದರೆ ಉಳಿದ ರೋಗಿಗಳಿಗೆ ಹಗಲಿರುಳು ಚೀಲ ಹಿಂಡುವವರು ಯಾರು? ಸುಮಾರು ೧೫೦೦ ವಿದ್ಯಾರ್ಥಿಗಳು, ಹೆಚ್ಚಿನವರು ವೈದ್ಯಕೀಯ ಓದುತ್ತಿದ್ದವರು, ಸರದಿಯ ಮೇಲೆ ಬಂದು ಹಾಸಿಗೆಯ ಬಳಿ ಕುಳಿತು ತಿಂಗಳುಗಟ್ಟಲೆ ಆ ಕೆಲಸವನ್ನು ಮಾಡಿದರು. ಸಾಯುವವರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಮೂಲವನ್ನು ಹಲವರು ಈ ಘಟನೆಯಲ್ಲಿಯೇ ಕಾಣುತ್ತಾರೆ.

ಈಗ ನಮ್ಮ ಕಥೆಗೆ ಬರೋಣ. ಮೂರನೆಯ ದಿನ ಬೆಳಿಗ್ಗೆ ಇಪ್ಪತ್ತೈದು ವರ್ಷವೂ ತುಂಬದಂತೆ ಕಾಣುವ ಒಬ್ಬ ಹುಡುಗಿ ಬಂದು, ತಾನು ಫಿಸಿಯೋಥೆರಪಿಸ್ಟ್ ಎಂದೂ, ರೋಗಿಯ ಕೈಕಾಲುಗಳನ್ನು ಇಂದಿನಿಂದಲೇ ಆಡಿಸತೊಡಗುವೆನೆಂದೂ, ಎಲ್ಲವೂ ಸರಿಯಾಗಿದ್ದರೆ ಇನ್ನೆರಡು ದಿನಗಳಲ್ಲಿ ಹಾಸಿಗೆಯ ಅಂಚಿನಲ್ಲಿ ಕುಳ್ಳಿರಿಸುವೆವೆಂದೂ ಮರಾಠಿಯಲ್ಲಿ ತಿಳಿಸಿದಳು. ನಮ್ಮ ಅತ್ತೆ ಎದ್ದು ನಿಂತರು. “ಬಾಯಲ್ಲಿ ಕೊಳವೆ, ಕುತ್ತಿಗೆಯಲ್ಲಿ ಸೂಜಿ, ಮೈತುಂಬ ತಂತಿ. ಇವರನ್ನು ಕುಳ್ಳಿರಿಸುವುದೆ? ಜೀವ ಉಳಿದರೆ ಸಾಕು ತಾಯಿ, ನಡೆಯುವುದು ಆಮೇಲೆ ಇದ್ದೇ ಇದೆ” ಎಂದರು. ನಮ್ಮ ಕಡೆಗೆ ತಿರುಗಿ, “ನೀವಾದರೂ ಹೇಳಿ ಮಕ್ಕಳೇ, ಮೂವತ್ತು ವರ್ಷ ನಿಂತ ಮನುಷ್ಯ, ಈಗಲಾದರೂ ಮಲಗಿರಲಿ” ಎಂದರು. ಅವರ ಮಾತಿನಲ್ಲಿ ಪ್ರೀತಿಯಿತ್ತು. ಅದಕ್ಕೆ ಎದುರಾಡುವುದು ಸುಲಭವಾಗಿರಲಿಲ್ಲ.

ಆ ಹುಡುಗಿ ಸಿಡುಕಲಿಲ್ಲ. ಅತ್ತೆಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, “ಕಾಕೂ, ಕಾಕಾ ಮಲಗಿದ್ದಾರೆಂದು ನಿಮಗೆ ಕಾಣುತ್ತದೆ. ಆದರೆ ಅವರ ಸ್ನಾಯುಗಳು ಕರಗುತ್ತಿವೆ. ಜೀವ ಉಳಿದು ಕಾಲು ಹೋದರೆ ಅವರು ಏನು ಮಾಡುತ್ತಾರೆ?” ಎಂದು ಕೇಳಿದಳು. ಕಾವಲಿಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಆದರೂ ಅವಳು ಕೇಳಿದ ಪ್ರಶ್ನೆ ನೇರವಾಗಿ ಅಲ್ಲಿಗೇ ಹೋಗಿ ಮುಟ್ಟಿತು.

‘ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮಲಗಿದ ದೇಹದ ವಿಷಯದಲ್ಲಿ ಈ ಗಾದೆಯು ಅಕ್ಷರಶಃ ನಿಜವಾದುದು. ಕಠಿಣ ಕಾಯಿಲೆಯಲ್ಲಿ ಶರೀರವು ತನ್ನ ಸ್ನಾಯುಗಳನ್ನೇ ಒಡೆದು ಖರ್ಚು ಮಾಡತೊಡಗುತ್ತದೆ. ಕೆಲಸವಿಲ್ಲದ ಸ್ನಾಯು ಇನ್ನೂ ಬೇಗ ಸವೆಯುತ್ತದೆ. ಲಂಡನ್ನಿನ ಸಂಶೋಧಕರು ತೀವ್ರ ನಿಗಾ ಘಟಕದ ರೋಗಿಗಳ ತೊಡೆಯ ಸ್ನಾಯುವನ್ನು ಅಳೆದು ೨೦೧೩ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹತ್ತು ದಿನಗಳಲ್ಲಿ ಅದರ ಗಾತ್ರವು ಸರಾಸರಿ ಶೇಕಡ ೧೭ಕ್ಕಿಂತ ಹೆಚ್ಚು ಕುಗ್ಗಿತ್ತು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯುವಿನ ಸ್ಥಿತಿಯೂ ಇದೇ. ಉಸಿರೆಳೆಯುವ ಮುಖ್ಯ ಕೆಲಸ ಅದರದು. ಆ ಕೆಲಸವನ್ನು ಪೂರ್ತಿಯಾಗಿ ಯಂತ್ರವೇ ಮಾಡಿದರೆ ಎರಡು ಮೂರು ದಿನಗಳೊಳಗೆ ಅದರ ಎಳೆಗಳು ತೆಳುವಾಗುತ್ತವೆ. ಅಂದರೆ ಉಸಿರು ಕೊಟ್ಟ ಯಂತ್ರದಿಂದ ಬಿಡಿಸಿಕೊಳ್ಳುವುದೇ ಕಷ್ಟವಾಗುತ್ತದೆ. ಇದಲ್ಲದೆ ಅಲುಗಾಡದೆ ಮಲಗಿದವರಿಗೆ ಬೆನ್ನಿನಲ್ಲಿ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ, ಶ್ವಾಸಕೋಶದ ಕೆಳಭಾಗದಲ್ಲಿ ಕಫ, ಬಿಗಿದುಹೋದ ಕೀಲುಗಳು, ಎದ್ದು ಕುಳಿತ ಕೂಡಲೇ ಕತ್ತಲೆ ಕವಿಯುವಂತೆ ಇಳಿಯುವ ರಕ್ತದೊತ್ತಡ ಇತ್ಯಾದಿ ಉಪದ್ರವಗಳು ಒಂದೊಂದಾಗಿ ಬಂದು ಸೇರುತ್ತವೆ.

ಈ ಅರಿವು ಹೊಸದೇನೂ ಅಲ್ಲ. ೧೯೪೪ರಲ್ಲಿ ಅಮೆರಿಕದ ವಿಲಿಯಂ ಡಾಕ್ ಎಂಬ ವೈದ್ಯರೂ ೧೯೪೭ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆ್ಯಷರ್ ಎಂಬ ವೈದ್ಯರೂ ಹಾಸಿಗೆಯ ಅಪಾಯಗಳನ್ನು ಕುರಿತು ಬರೆದು ಸಹೋದ್ಯೋಗಿಗಳನ್ನು ಎಚ್ಚರಿಸಿದರು. ಶಸ್ತ್ರಚಿಕಿತ್ಸೆಯಾದವರನ್ನೂ ಹೆರಿಗೆಯಾದವರನ್ನೂ ಬೇಗ ನಡೆಸುವ ಪದ್ಧತಿ ಕ್ರಮೇಣ ಬೇರೂರಿತು. ಆದರೆ ವೆಂಟಿಲೇಟರಿನಲ್ಲಿರುವವರ ಸಂಗತಿ ಬೇರೆ. ಕೊಳವೆ ಜಾರಿದರೆ ಏನು ಗತಿ, ರೋಗಿ ಗಾಬರಿಗೊಂಡರೆ ಏನು ಗತಿ ಎಂಬ ಭಯದಿಂದ ಅವರಿಗೆ ನಿದ್ರೆಯ ಔಷಧವನ್ನು ಕೊಟ್ಟು ದಿನಗಟ್ಟಲೆ ಮಲಗಿಸಿಡುವುದೇ ಬಹುಕಾಲ ರೂಢಿಯಾಗಿತ್ತು. ಷಿಕಾಗೋದ ವೈದ್ಯರು ನಿದ್ರೆಯ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದರೆ ಯಂತ್ರದಿಂದ ಬೇಗ ಬಿಡುಗಡೆಯಾಗುತ್ತದೆಂಬುದನ್ನು ೨೦೦೦ದಲ್ಲಿ ತೋರಿಸಿಕೊಟ್ಟರು. ಅಮೆರಿಕದ ಸಾಲ್ಟ್ ಲೇಕ್ ನಗರದ ಆಸ್ಪತ್ರೆಯೊಂದರಲ್ಲಿ ೧೦೩ ರೋಗಿಗಳನ್ನು ಒಟ್ಟು ೧೪೪೯ ಸಲ ಕುಳ್ಳಿರಿಸಿ, ಕುರ್ಚಿಗೆ ಇಳಿಸಿ, ನಡೆಸಿ ನೋಡಿದರು. ತೊಂದರೆಯಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಸಲ, ಉಸಿರಿನ ಕೊಳವೆ ಒಮ್ಮೆಯೂ ಕಳಚಲಿಲ್ಲ. ಈ ವರದಿ ಬಂದದ್ದು ೨೦೦೭ರಲ್ಲಿ. ೨೦೦೯ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ೧೦೪ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಯಂತ್ರದಲ್ಲಿದ್ದಾಗಲೇ ವ್ಯಾಯಾಮ ಆರಂಭಿಸಿದ ಗುಂಪಿನಲ್ಲಿ ಶೇಕಡ ೫೯ ಜನರು ತಮ್ಮ ಸ್ನಾನ, ಊಟ, ನಡಿಗೆಗಳನ್ನು ತಾವೇ ನೋಡಿಕೊಳ್ಳುವ ಸ್ಥಿತಿಯಲ್ಲಿ ಮನೆಗೆ ಹೋದರು. ಇನ್ನೊಂದು ಗುಂಪಿನಲ್ಲಿ ಹಾಗೆ ಹೋದವರು ಶೇಕಡ ೩೫ ಮಾತ್ರ.

ಇಷ್ಟೆಲ್ಲ ಅಂಕೆಗಳು ಆಗ ನಮಗೆ ತಿಳಿದಿರಲಿಲ್ಲ. ಇವನ್ನು ನಾವು ಆಮೇಲೆ ಓದಿಕೊಂಡೆವು. ಆ ದಿನ ನಮ್ಮ ಅತ್ತೆಯನ್ನು ಒಪ್ಪಿಸಿದ್ದು ಆ ಹುಡುಗಿ ಹೇಳಿದ ಇನ್ನೊಂದು ಮಾತು. “ನೀವು ರೈಲಿನಲ್ಲಿ ಬರುತ್ತೀರಲ್ಲವೆ? ಸಿಗ್ನಲ್ ಇಲ್ಲದೆ ಗಾಡಿ ಹೊರಡುತ್ತದೆಯೆ? ನಮಗೂ ಸಿಗ್ನಲ್ ಉಂಟು” ಎಂದಳು. ಅದು ಬರಿಯ ಸಮಾಧಾನದ ಮಾತಲ್ಲ. ೨೦೧೪ರಲ್ಲಿ ಹಲವು ತಜ್ಞರು ಸೇರಿ, ವೆಂಟಿಲೇಟರಿನಲ್ಲಿರುವವರನ್ನು ಯಾವಾಗ ಎಬ್ಬಿಸಬಹುದು, ಯಾವಾಗ ಎಬ್ಬಿಸಬಾರದು ಎಂಬುದಕ್ಕೆ ಹಸಿರು, ಹಳದಿ, ಕೆಂಪು ಗುರುತುಗಳ ಪಟ್ಟಿಯೊಂದನ್ನು ಮಾಡಿದ್ದಾರೆ. ಆಮ್ಲಜನಕ ಎಷ್ಟು ಬೇಕಾಗುತ್ತಿದೆ, ರಕ್ತದಲ್ಲಿ ಅದರ ಪ್ರಮಾಣ ಎಷ್ಟಿದೆ, ನಾಡಿ ಮತ್ತು ರಕ್ತದೊತ್ತಡ ಸ್ಥಿರವಾಗಿವೆಯೆ, ರೋಗಿಗೆ ಹೇಳಿದ್ದು ತಿಳಿಯುತ್ತಿದೆಯೆ ಎಂಬುದನ್ನೆಲ್ಲ ಮೊದಲು ನೋಡುತ್ತಾರೆ. ಹಸಿರಾದರೆ ಮುಂದೆ, ಹಳದಿಯಾದರೆ ವೈದ್ಯರೊಡನೆ ವಿಚಾರಿಸಿ ಎಚ್ಚರದಿಂದ, ಕೆಂಪಾದರೆ ಆ ದಿನ ಇಲ್ಲ. ಡೊಂಬಿವಲಿಯಿಂದ ದಿನವೂ ಗಾಡಿಯಲ್ಲಿ ಓಡಾಡುವ ನಮಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಾಗಿರಲಿಲ್ಲ.

ಐದನೆಯ ದಿನ ಸಿಗ್ನಲ್ ಹಸಿರಾಯಿತು. ಅತ್ತೆಗೆ ಒಳಗೆ ನಿಂತು ನೋಡಲು ಅನುಮತಿ ದೊರೆಯಿತು. ನಾವು ಗಾಜಿನ ಈಚೆಯಿಂದ ನೋಡಿದೆವು. ಒಬ್ಬ ಮನುಷ್ಯನನ್ನು ಹಾಸಿಗೆಯ ಅಂಚಿನಲ್ಲಿ ಕುಳ್ಳಿರಿಸಲು ನಾಲ್ಕು ಜನ ಬೇಕಾದರು. ಒಬ್ಬ ನರ್ಸ್ ಕೊಳವೆಯನ್ನು ಹಿಡಿದುಕೊಂಡು ಬೇರೆ ಯಾವ ಕೆಲಸಕ್ಕೂ ಕೈಹಾಕದೆ ನಿಂತಳು. ವಾರ್ಡ್‌ಬಾಯ್ ಬೆನ್ನಿಗೆ ಆಸರೆಯಾದನು. ಮಾವಶಿ ಎಂದು ಎಲ್ಲರೂ ಕರೆಯುವ ಸಹಾಯಕಿಯು ತಂತಿಗಳನ್ನೂ ಚೀಲಗಳನ್ನೂ ಸರಿಸಿ ಕೊಟ್ಟಳು. ಫಿಸಿಯೋಥೆರಪಿಸ್ಟ್ ಎದುರಿಗೆ ನಿಂತು, ಮಾವನವರ ಎರಡು ಭುಜಗಳನ್ನು ಹಿಡಿದು, “ಕಾಕಾ, ಡೋಳೆ ಉಘಡಾ” ಎಂದಳು. ಮಾವ ಕಣ್ಣು ತೆರೆದರು. ಅವರ ತಲೆ ಹಸುಗೂಸಿನ ತಲೆಯಂತೆ ಓಲಾಡುತ್ತಿತ್ತು. ಮೂರು ನಿಮಿಷ ಕುಳಿತರು. ಮಾನಿಟರಿನಲ್ಲಿ ನಾಡಿ ಏರಿತು, ಮತ್ತೆ ಇಳಿಯಿತು. ಅಷ್ಟಕ್ಕೇ ಸಾಕೆಂದು ಮಲಗಿಸಿದರು. ಅತ್ತೆ ಹೊರಗೆ ಬಂದು, “ಐದು ದಿನದಿಂದ ಮಾಡನ್ನೇ ನೋಡುತ್ತಿದ್ದರು, ಇವತ್ತು ನನ್ನನ್ನು ನೋಡಿದರು” ಎಂದಷ್ಟೇ ಹೇಳಿದರು.

ಅಲ್ಲಿಂದ ಮುಂದೆ ಪ್ರತಿದಿನವೂ ಒಂದು ಪಾಠ. ಕೈಬೆರಳುಗಳನ್ನು ಮಡಚುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುವುದು, ಮೊಣಕಾಲನ್ನು ನೀಡುವುದು. ಏಳನೆಯ ದಿನ ಕುರ್ಚಿಗೆ ಇಳಿಸಿದರು. ಒಂಬತ್ತನೆಯ ದಿನ ಸೊಂಟಕ್ಕೆ ಅಗಲವಾದ ಪಟ್ಟಿಯನ್ನು ಕಟ್ಟಿ, ಇಬ್ಬರು ಎರಡು ಕಡೆ ಹಿಡಿದು ನಿಲ್ಲಿಸಿದರು. ಬಾಯಲ್ಲಿ ಕೊಳವೆಯಿರುವಾಗಲೇ ಮಾವ ನೆಲದ ಮೇಲೆ ನಿಂತು, ನಿಂತಲ್ಲಿಯೇ ಎಡಗಾಲನ್ನು ಒಮ್ಮೆ, ಬಲಗಾಲನ್ನು ಒಮ್ಮೆ ಎತ್ತಿ ಇಟ್ಟರು. ನಡುವೆ ಎಂಟನೆಯ ದಿನ ಜ್ವರವೇರಿ ರಕ್ತದೊತ್ತಡ ಇಳಿದಿದ್ದರಿಂದ ಸಿಗ್ನಲ್ ಕೆಂಪಾಗಿತ್ತು. ಆ ದಿನ ಯಾರೂ ಅವರನ್ನು ಎಬ್ಬಿಸಲಿಲ್ಲ. ಹನ್ನೊಂದನೆಯ ದಿನ ಕೊಳವೆಯನ್ನು ತೆಗೆದರು.

ದೇಹದ ಸಂಗತಿ ಹೀಗಾದರೆ ಮನಸ್ಸಿನ ಸಂಗತಿಯೊಂದು ಬೇರೆಯೇ ಇದೆ. ಹಿಂದಿನವರು ‘ಸನ್ನಿ’ ಎಂದು ಕರೆಯುತ್ತಿದ್ದ ಬುದ್ಧಿಯ ಕಲಕಾಟವು ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಬಹಳ ಸಾಮಾನ್ಯ. ಹಗಲು ರಾತ್ರಿಗಳ ಭೇದ ತಿಳಿಯದ ದೀಪಗಳು, ನಿದ್ರೆಯ ಔಷಧ, ಗುರುತಿಲ್ಲದ ಮುಖಗಳು, ಮಾತಾಡಲಾಗದ ಕೊಳವೆ, ಇವೆಲ್ಲ ಸೇರಿ ರೋಗಿ ಎಲ್ಲಿದ್ದೇನೆಂಬುದನ್ನೇ ಮರೆಯುತ್ತಾನೆ. ಮೇಲೆ ಹೇಳಿದ ೨೦೦೯ರ ಪರೀಕ್ಷೆಯಲ್ಲಿ ಬೇಗ ವ್ಯಾಯಾಮ ಮಾಡಿದವರಿಗೆ ಈ ಸನ್ನಿಯ ದಿನಗಳೂ ನಾಲ್ಕರಿಂದ ಎರಡಕ್ಕೆ ಇಳಿದಿದ್ದವು. ನಮ್ಮ ಮಾವ ಯಂತ್ರದ ಘಂಟೆ ಬಾರಿಸಿದಾಗಲೆಲ್ಲ ಬಲಗೈಯನ್ನು ಎತ್ತಿ ಗಾಳಿಯಲ್ಲಿ ಸುತ್ತುತ್ತಿದ್ದರು. ನರ್ಸ್‌ಗಳು ಕೊಳವೆಯನ್ನು ಕೀಳಲು ಹವಣಿಸುತ್ತಿದ್ದಾರೆಂದು ಹೆದರಿದರು. ಅತ್ತೆ ನೋಡಿದವರೇ, “ಅಲ್ಲ, ಅವರು ಕಾವಲಿಯ ಮೇಲೆ ಹಿಟ್ಟು ಹರಡುತ್ತಿದ್ದಾರೆ” ಎಂದರು. ಆ ಒಂದು ಮಾತಿನಿಂದ ಅವರ ಕೈಗಳನ್ನು ಕಟ್ಟುವುದು ತಪ್ಪಿತು. ಬದಲಾಗಿ ಫಿಸಿಯೋಥೆರಪಿಸ್ಟ್ ಅದನ್ನೇ ವ್ಯಾಯಾಮವನ್ನಾಗಿ ಮಾಡಿ, ದಿನಕ್ಕೆ ಹತ್ತು ದೋಸೆ ಹುಯ್ಯಿಸಿದಳು!

ಮಾತಾಡಲಾಗದ ರೋಗಿಗಳಿಗಾಗಿ ಆಸ್ಪತ್ರೆಯಲ್ಲಿ ಒಂದು ಹಲಗೆಯಿತ್ತು. ಅದರಲ್ಲಿ ನೋವು, ನೀರು, ಚಳಿ ಎಂಬಂಥ ಮಾತುಗಳು ಮರಾಠಿ ಮತ್ತು ಇಂಗ್ಲಿಷಿನಲ್ಲಿದ್ದವು. ಮಾವನವರಿಗೆ ಮರಾಠಿ ಮಾತು ಬರುತ್ತದೆ. ಆದರೆ ಓದು ಕಲಿತದ್ದು ಕನ್ನಡದಲ್ಲಿ ಮಾತ್ರ. ಇದನ್ನು ಕೇಳಿದ ನಮ್ಮ ಮನೆಯ ಹುಡುಗಿ, ಏಳನೆಯ ತರಗತಿಯಲ್ಲಿ ಓದುವವಳು, ಚಿತ್ರ ಬರೆಯುವ ದಪ್ಪ ಕಾಗದದ ಮೇಲೆ ಅಕ್ಷರಮಾಲೆಯನ್ನು ದೊಡ್ಡದಾಗಿ ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟಳು. ನರ್ಸ್ ಅದನ್ನು ಸ್ಪಿರಿಟ್ಟಿನಿಂದ ಒರೆಸಿ ಒಳಗೆ ಒಯ್ದಳು. ಮಾವ ಬೆರಳಿಟ್ಟು ತೋರಿಸಿದ ಮೊದಲ ಅಕ್ಷರಗಳು: ಇ, ದ, ಯ, ವ, ಊ, ರ. ‘ಇದು ಯಾವ ಊರು?’ ಗುಣಿತವನ್ನೂ ಒತ್ತಕ್ಷರವನ್ನೂ ನಾವೇ ಊಹಿಸಿಕೊಳ್ಳಬೇಕಾಗಿತ್ತು. “ನವಿ ಮುಂಬಯಿ ಮಾವ, ಹೊರಗೆ ಮಳೆ, ಇವತ್ತು ಗುರುವಾರ” ಎಂದು ನಾವು ಕಿವಿಯ ಬಳಿ ಹೇಳಿದೆವು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬೆರಳು ಚಲಿಸಿತು: ನ, ಡ, ಯ, ಬ, ಹ, ದ. ‘ನಡೆಯಬಹುದೆ?’ ಎಂದು ಅವರು ಕೇಳುತ್ತಿದ್ದರು. ಆ ಕಾಗದವನ್ನು ಬರೆದವಳಿಗೆ ವರ್ಷದ ಪರೀಕ್ಷೆಯಲ್ಲಿ ಕನ್ನಡಕ್ಕೆ ಎಷ್ಟು ಅಂಕ ಬಂದವೆಂಬುದು ನಮಗೆ ನೆನಪಿಲ್ಲ. ಅವಳ ಅಕ್ಷರಗಳಿಗೆ ಅದಕ್ಕಿಂತ ದೊಡ್ಡ ಓದುಗ ದೊರೆತಿದ್ದನೆಂದು ಮಾತ್ರ ಬಲ್ಲೆವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸದಿದ್ದರೆ ಈ ಲೇಖನವು ಅಪೂರ್ಣವಾಗುವುದು. ವ್ಯಾಯಾಮ ಒಳ್ಳೆಯದೆಂದ ಮಾತ್ರಕ್ಕೆ ಹೆಚ್ಚು ವ್ಯಾಯಾಮ ಹೆಚ್ಚು ಒಳ್ಳೆಯದೆಂದು ಭಾವಿಸಬಾರದು. ೨೦೨೨ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಹಲವು ದೇಶಗಳ ೭೫೦ ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ರೂಢಿಯ ವ್ಯಾಯಾಮವನ್ನೂ ಉಳಿದವರಿಗೆ ಅದಕ್ಕಿಂತ ಬೇಗನೆ ಆರಂಭಿಸಿ ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ವ್ಯಾಯಾಮವನ್ನೂ ಮಾಡಿಸಿದರು. ಆರು ತಿಂಗಳ ಕೊನೆಯಲ್ಲಿ ಹೆಚ್ಚು ಮಾಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಾಡಿ, ರಕ್ತದೊತ್ತಡಗಳ ಏರುಪೇರುಗಳು ಮಾತ್ರ ಅವರಲ್ಲಿ ಹೆಚ್ಚಾಗಿದ್ದವು. ಆದುದರಿಂದ ಎಬ್ಬಿಸುವವರ ಜಾಣತನವು ರೋಗಿಯ ಮುಖವನ್ನೂ ಮಾನಿಟರನ್ನೂ ನೋಡಿ, ಆ ದಿನಕ್ಕೆ ಎಷ್ಟೋ ಅಷ್ಟನ್ನೇ ಮಾಡಿಸುವುದರಲ್ಲಿದೆ. ಅತಿ ವಿಶ್ರಾಂತಿಯೂ ಸಲ್ಲದು, ಅತಿ ಶ್ರಮವೂ ಸಲ್ಲದು. ಎಂಟನೆಯ ದಿನ ನಮ್ಮ ಮಾವನನ್ನು ಎಬ್ಬಿಸದೆ ಬಿಟ್ಟದ್ದು ಕೂಡ ಒಂಬತ್ತನೆಯ ದಿನ ನಿಲ್ಲಿಸಿದಷ್ಟೇ ಒಳ್ಳೆಯ ಚಿಕಿತ್ಸೆಯಾಗಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಯಿಲೆ ಮುಗಿಯಿತೆಂದು ನೆರೆಹೊರೆಯವರು ತಿಳಿದರು. ನಿಜವಾದ ಕೆಲಸ ಆಗಲೇ ಆರಂಭವಾದದ್ದು. ಇಪ್ಪತ್ತೆರಡನೆಯ ದಿನ ಮನೆಗೆ ಬಂದ ಮಾವ ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲನ್ನು ಒಂದು ಅಂತಸ್ತಿಗೆ ಮೂರು ಸಲ ಕುಳಿತು ಹತ್ತಿದರು. ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದರು. ರಾತ್ರಿ ಬೆಚ್ಚಿ ಎದ್ದು ಯಂತ್ರದ ಘಂಟೆ ಕೇಳಿಸುತ್ತಿದೆಯೆನ್ನುತ್ತಿದ್ದರು. ತೀವ್ರ ನಿಗಾ ಘಟಕದಿಂದ ಹೊರಬಂದ ಅನೇಕರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಇಂಥ ದೌರ್ಬಲ್ಯವೂ ಮನಸ್ಸಿನ ಅಳುಕೂ ಉಳಿಯುತ್ತವೆಂದು ವೈದ್ಯರು ಮೊದಲೇ ತಿಳಿಸಿದ್ದರು. ದಿನವೂ ಕುರ್ಚಿಯಿಂದ ಹತ್ತು ಸಲ ಏಳುವುದು, ಗಣಪತಿ ಹಬ್ಬದ ಹೊತ್ತಿಗೆ ರಸ್ತೆಯ ತಿರುವಿನವರೆಗೆ, ದೀಪಾವಳಿಯ ಹೊತ್ತಿಗೆ ಸ್ಟೇಶನ್ನಿನವರೆಗೆ ನಡೆಯುವುದು, ಹೀಗೆ ಲೆಕ್ಕವಿಟ್ಟುಕೊಂಡು ಸಾಗಿತು. ೨೦೨೫ರ ಸಂಕ್ರಾಂತಿ ಕಳೆದ ಮೇಲೆ ಮಾವ ಕಲ್ಯಾಣದ ಹೋ‍ಟೆಲಿಗೆ ಹೋಗಿ ಕಾವಲಿಯ ಮುಂದೆ ನಿಂತರು. ಇಡೀ ದಿನ ನಿಲ್ಲುವ ಶಕ್ತಿ ಮರಳಿ ಬಂದಿಲ್ಲ. ಬೆಳಿಗ್ಗೆ ಎರಡು ಗಂಟೆ ಕಾವಲಿ, ಉಳಿದ ಹೊತ್ತು ಗಲ್ಲೆಯ ಮೇಲೆ ಕುಳಿತು ಹಣ ಎಣಿಸುವ ಕೆಲಸ. ಸಂಬಳವೂ ಅದಕ್ಕೆ ತಕ್ಕಂತೆ ಕಡಿಮೆಯಾಗಿದೆ. ಆದರೆ ಆ ಎರಡು ಗಂಟೆಗಳಿಗಾಗಿ ಅವರು ಬೆಳಗಿನ ನಾಲ್ಕಕ್ಕೇ ಎದ್ದು ಸಿದ್ಧರಾಗುವುದನ್ನು ನೋಡಿದವರಿಗೆ ಅವುಗಳ ಬೆಲೆ ತಿಳಿಯುತ್ತದೆ.

ನಮ್ಮ ಮುಂಬಯಿಗೆ ಈ ವಿದ್ಯೆಯೊಡನೆ ಹಳೆಯ ಸಂಬಂಧವಿದೆಯೆಂಬುದನ್ನು ವಿದ್ಯಾರ್ಥಿಗಳು ಹೆಮ್ಮೆಯಿಂದ ನೆನೆಯಬಹುದು. ಕೋಪನ್‌ಹೇಗನ್ನಿನಲ್ಲಿ ವಿದ್ಯಾರ್ಥಿಗಳು ಚೀಲ ಹಿಂಡುತ್ತಿದ್ದ ಆ ಪೋಲಿಯೋದ ಕಾಲದಲ್ಲಿಯೇ, ೧೯೫೩ರಲ್ಲಿ, ಪರೇಲದ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿಯ ಶಾಲೆ ಆರಂಭವಾಯಿತು. ಭಾರತದಲ್ಲಿ ಅಂಥ ಶಾಲೆಗಳಲ್ಲಿ ಅದೇ ಮೊದಲನೆಯದು. ೧೯೫೫ರಲ್ಲಿ ಹಾಜಿ ಅಲಿಯ ಬಳಿ ಅಂಗವಿಕಲರ ಪುನರ್ವಸತಿಗಾಗಿ ಅಖಿಲ ಭಾರತ ಸಂಸ್ಥೆ ತಲೆಯೆತ್ತಿತು. ಇಂದು ನವಿ ಮುಂಬಯಿಯ ನೆರೂಳ, ಕಾಮೋಠೆಗಳಲ್ಲಿಯೂ ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳಿವೆ. ೨೦೨೦ ಮತ್ತು ೨೦೨೧ರ ಕೋವಿಡ್ ದಿನಗಳಲ್ಲಿ ಠಾಣೆಯ ಬಾಳಕುಂ, ವಾಶಿಯ ಪ್ರದರ್ಶನ ಮಂದಿರ, ಡೊಂಬಿವಲಿಯ ಕ್ರೀಡಾಸಂಕುಲ ಇವೆಲ್ಲ ರೋಗಿಗಳ ಬೀಡಾಗಿದ್ದುದು ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ೨೦೨೫ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ನರಗಳನ್ನು ಸೋಲಿಸುವ ಗಿಯಾನ್-ಬಾರೆ ಎಂಬ ಕಾಯಿಲೆ ಕಾಣಿಸಿಕೊಂಡು ಅನೇಕರು ವೆಂಟಿಲೇಟರಿಗೆ ಹೋಗಬೇಕಾಯಿತು. ಅಂಥ ಸಮಯದಲ್ಲಿ ಪತ್ರಿಕೆಗಳು ಯಂತ್ರಗಳನ್ನು ಎಣಿಸುತ್ತವೆ. ಎಷ್ಟು ಹಾಸಿಗೆ, ಎಷ್ಟು ವೆಂಟಿಲೇಟರ್ ಎಂದು ನಾವೂ ಕೇಳುತ್ತೇವೆ. ಆ ಯಂತ್ರದ ಪಕ್ಕದಲ್ಲಿ ರೋಗಿಯನ್ನು ಕುಳ್ಳಿರಿಸಲು ಎಷ್ಟು ಕೈಗಳಿವೆಯೆಂದು ಕೇಳುವವರು ವಿರಳ. ಯಂತ್ರವನ್ನು ಹಣ ಕೊಟ್ಟು ತರಿಸಬಹುದು. ಕೊಳವೆ ಹಿಡಿಯುವ ನರ್ಸ್, ಬೆನ್ನಿಗೆ ನಿಲ್ಲುವ ವಾರ್ಡ್‌ಬಾಯ್, ತಂತಿ ಸರಿಸುವ ಮಾವಶಿ, ಎದುರಿಗೆ ನಿಂತು ಕಣ್ಣು ತೆರೆಸುವ ಫಿಸಿಯೋಥೆರಪಿಸ್ಟ್, ಇವರನ್ನು ವರ್ಷಗಳ ಕಾಲ ಕಲಿಸಿ ಸಿದ್ಧಗೊಳಿಸಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ, ಅವರು ಯಾವಾಗ ಏಳಬಹುದು, ಕುಳಿತುಕೊಳ್ಳಬಹುದೆ, ನಡೆಯಬಹುದೆ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ನೀವಾಗಿಯೇ ಎಬ್ಬಿಸುವ ಸಾಹಸಕ್ಕೆ ಹೋಗಬೇಡಿರಿ. ಅಜ್ಜನ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಒಯ್ದು ಕೊಡಿರಿ. ಇವತ್ತು ಯಾವ ವಾರ, ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಅವರ ಭಾಷೆಯಲ್ಲಿಯೇ ಹೇಳಿರಿ. ಮನೆಗೆ ಬಂದವರೊಡನೆ ಸಂಜೆ ರಸ್ತೆಯ ತಿರುವಿನವರೆಗೆ ಅವರ ನಡಿಗೆಯ ವೇಗದಲ್ಲಿ ನಡೆಯಿರಿ. ಇನ್ನು ಮುಂದೆ ಏನಾಗಬೇಕೆಂದು ಯೋಚಿಸುವ ವಯಸ್ಸು ನಿಮ್ಮದು. ಎಂಜಿನಿಯರ್, ಡಾಕ್ಟರ್ ಎಂಬ ಎರಡು ಹೆಸರುಗಳಾಚೆಗೆ ನರ್ಸಿನ ಕೆಲಸವೂ ಫಿಸಿಯೋಥೆರಪಿಯ ಕೆಲಸವೂ ಇವೆಯೆಂಬುದನ್ನು ಮರೆಯದಿರಿ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಆಸ್ಪತ್ರೆಗಳಲ್ಲಿ ಕನ್ನಡದಲ್ಲಿ ‘ನಡೆಯಬಹುದೆ?’ ಎಂದು ಕೇಳುವವರಿಗೆ ಕನ್ನಡದಲ್ಲಿಯೇ ‘ಏಳಿ, ನಾವು ಹಿಡಿದುಕೊಂಡಿದ್ದೇವೆ’ ಎಂದು ಉತ್ತರ ಹೇಳುವವರು ನಮ್ಮ ಶಾಲೆಯ ಬೆಂಚುಗಳಿಂದ ಒಬ್ಬಿಬ್ಬರಾದರೂ ಹೊರಡಲಿ ಎಂದು ಹಾರೈಸುತ್ತೇವೆ.